ಮೂರನೇ ತುಂಡು

ಉಗುರಿನ ಸಂದಿಯ ಮಸಿ ಹೋಗಿರಲಿಲ್ಲ. ಬೆಳಿಗ್ಗೆ ಹೆಂಡತಿ ಚಂಪಾ ಮೊದಲು ನಿಂಬೆ ಹೋಳು, ಆಮೇಲೆ ಬೂದಿ, ಕೊನೆಗೆ ಮಗಳ ಹಳೆಯ ಬ್ರಶ್ಶು ತಂದುಕೊಟ್ಟಿದ್ದಳು, ಮಂಗೇಶ ಬಾವಿಕಟ್ಟೆಯ ಮೇಲೆ ಕೂತು ಅರ್ಧ ತಾಸು ತಿಕ್ಕಿದ್ದ, ಆದರೂ ಬಲಗೈ ಹೆಬ್ಬೆರಳಿನ ಮೂಲೆಯಲ್ಲಿ ಒಂದು ಕಪ್ಪು ಗೆರೆ ಹಾಗೇ ಉಳಿದಿತ್ತು. ಕಾರವಾರದ ಆಸ್ಪತ್ರೆಯ ಮೊದಲ ಮಹಡಿಯ ಬೆಂಚಿನ ಮೇಲೆ ಕೂತು ಅವನೀಗ ಆ ಬೆರಳನ್ನು ಮಡಿಲಲ್ಲಿದ್ದ ಫೋಟೋ ಆಲ್ಬಮ್ಮಿನ ಕೆಳಗೆ ಅಡಗಿಸಿಕೊಂಡಿದ್ದ. ವಾರ್ಡ್ ಸಹಾಯಕರು ಬೇಕಾಗಿದ್ದಾರೆ, ಆರು ಹುದ್ದೆ, ವಯಸ್ಸು ನಲವತ್ತರೊಳಗೆ, ಹಿಂದಿನ ಕೆಲಸದ ದಾಖಲೆ ತರಬೇಕು. ಪೇಪರಿನ ಆ ತುಂಡನ್ನು ಚಂಪಾ ಕತ್ತರಿಸಿ ದೇವರ ಫೋಟೋದ ಹಿಂದೆ ಸಿಕ್ಕಿಸಿ ಮೂರು ವಾರ ಇಟ್ಟಿದ್ದಳು. ಅವನಿಗೆ ಮೂವತ್ತೊಂಬತ್ತು. ಬೆಂಚಿನ ಮೇಲೆ, ಗೋಡೆಗೊರಗಿ, ಮೆಟ್ಟಿಲಿನ ಮೇಲೆ ಎಲ್ಲ ಕಡೆ ಇಪ್ಪತ್ತು ಇಪ್ಪತ್ತೆರಡರ ಹುಡುಗ ಹುಡುಗಿಯರು, ಪ್ಲಾಸ್ಟಿಕ್ ಫೈಲುಗಳಲ್ಲಿ ನೀಟಾದ ಸರ್ಟಿಫಿಕೇಟು. ಪಕ್ಕದಲ್ಲಿ ಕೂತ ಹುಡುಗಿ ಆಲ್ಬಮ್ಮಿನ ಮುಖಪುಟದ ಗುಲಾಬಿ ಹೂವಿನ ಚಿತ್ರ ನೋಡಿ, "ಅಂಕಲ್, ನೀವು ಮದ್ವೆ ಫೋಟೋದವ್ರಾ?" ಅಂತ ಕೇಳಿದಳು. ಅವನು ನಕ್ಕ. ಅಲ್ಲ, ಒಲೆಯವನು, ಅಂದ.

ಒಲೆಯವನು, ಪೈಪಿನವನು, ಚಿಮಣಿಯವನು. ಶೆಟಗೇರಿಯಿಂದ ಸೈಕಲ್ಲಿನ ಹಿಂದೆ ಸಿಮೆಂಟು ಪೈಪು ಕಟ್ಟಿಕೊಂಡು ಹತ್ತು ವರ್ಷ ತಿರುಗಿದ್ದ. ಹೊಗೆ ಇಲ್ಲದ ಒಲೆಯ ಯೋಜನೆಯಲ್ಲಿ ಅವನು ಸೇರಿದ ಹೊಸತರಲ್ಲಿ ಅಂಕೋಲೆಯಲ್ಲಿ ಹತ್ತು ದಿನ ಕಲಿಸಿದ್ದರು. ಮಣ್ಣಿನ ಒಲೆ, ಎರಡು ಬಾಯಿ, ಹಿಂದೆ ಮೂರು ತುಂಡು ಪೈಪು. ಮೊದಲ ತುಂಡು ಒಲೆಯ ಬೆನ್ನಿಗೆ, ಎರಡನೇದು ಅಟ್ಟದ ತನಕ, ಮೂರನೇದು ಹಂಚು ತೂತು ಮಾಡಿ ಆಕಾಶಕ್ಕೆ, ಅದರ ತಲೆಗೊಂದು ಸಿಮೆಂಟಿನ ಟೋಪಿ. ಒಲೆ ಹಾಕಿದ ಮೇಲೆ ಮನೆಯ ಹೆಂಗಸನ್ನು ಅಂಗಳದಲ್ಲಿ ನಿಲ್ಲಿಸಿ, ಹಂಚಿನ ಮೇಲೆ ಪೈಪು ಕಾಣುವ ಹಾಗೆ ಒಂದು ಫೋಟೋ ಹೊಡೆಯಬೇಕು, ಅದೇ ಲೆಕ್ಕಕ್ಕೆ ಸಾಕ್ಷಿ. ಯೋಜನೆ ನಿಂತುಹೋಗಿ ಐದು ವರ್ಷವಾಯಿತು. ಆಮೇಲೆ ಕಾರವಾರದ ಹೊಸ ಫ್ಲಾಟುಗಳಲ್ಲಿ ಕರೆಂಟಿನ ಚಿಮಣಿ ಕೂಡಿಸಿದ, ಗೋಡೆಗೆ ತೂತು ಕೊರೆದು ಬೆಳ್ಳಿ ಬಣ್ಣದ ಕೊಳವೆ ಹೊರಗೆ ಬಿಡುವ ಕೆಲಸ, ಅಡಿಗೆಮನೆಗೆ ಕಾಲಿಡುವ ಮುಂಚೆ ಆ ಮನೆಯ ಅಮ್ಮಂದಿರು ಅವನ ಕಾಲಿನ ಕೆಳಗೆ ಹಳೆ ಪೇಪರು ಹಾಸುತ್ತಿದ್ದರು. ಈಗ ಕಂಪನಿಯವರು ಹುಬ್ಬಳ್ಳಿಯಿಂದ ನೀಲಿ ಅಂಗಿಯ ಹುಡುಗರನ್ನೇ ಕಳಿಸುತ್ತಾರೆ. ಉಳಿದದ್ದು ಈ ಆಲ್ಬಮ್ಮು. ಮೂವತ್ತೊಂದು ಫೋಟೋ. ಕೇಣಿ, ಭಾವಿಕೇರಿ, ಶೆಟಗೇರಿ. ಮೂವತ್ತೊಂದು ಹೆಂಗಸರು ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದಾರೆ, ಮೂವತ್ತೊಂದು ಹಂಚಿನ ಮಾಡಿನ ಮೇಲೆ ಮೂವತ್ತೊಂದು ಪೈಪು.

ಪೈಪು ಮೂವತ್ತೊಂದಲ್ಲ. ಮೊದಲ ನಾಲ್ಕು ಬಿಟ್ಟರೆ ಉಳಿದದ್ದೆಲ್ಲ ಒಂದೇ. ಇದು ಅವನಿಗೆ ಗೊತ್ತು, ಆ ಹೆಂಗಸರಿಗೆ ಗೊತ್ತು, ಇನ್ಯಾರಿಗೂ ಗೊತ್ತಿಲ್ಲ. ಆ ನಾಲ್ಕು ಒಲೆಗಳನ್ನು ಅವನು ಅಂಕೋಲೆಯಲ್ಲಿ ಕಲಿತ ಹಾಗೇ ಹಾಕಿದ್ದ. ಮಳೆಗಾಲ ಮುಗಿಯುವ ಹೊತ್ತಿಗೆ ಕೇಣಿಯ ಬಸ್‌ಸ್ಟಾಪಿನಲ್ಲಿ ಒಬ್ಬ ಹೆಂಗಸು ಅವನ ಸೈಕಲ್ಲಿಗೆ ಅಡ್ಡ ನಿಂತು ಮಡಿಲಿನಿಂದ ಒಂದು ಮುಷ್ಟಿ ಒಣ ಬಂಗಡೆ ತೆಗೆದು ಅವನ ಅಂಗಿಯ ಮೇಲೆ ಎರಚಿದಳು, ಮೀನಿನ ತುಂಬ ಹುಳ. "ತಕಾ, ತಕಾ! ನಿನ್ನ ಹೆಂಡ್ತಿಗೆ ಕೊಡು, ಸಾರು ಮಾಡ್ಲಿ! ಹೊಗೆ ಹೊರಗೆ ಕಳ್ಸದವ್ನೇ, ಈಗ ಈ ಹುಳಾನೂ ಕಳ್ಸು ಹೊರಗೆ!" ಬಸ್ಸು ಕಾಯುತ್ತಿದ್ದವರೆಲ್ಲ ನಕ್ಕರು, ಕಂಡಕ್ಟರು ಸಹ ಇಳಿದು ನಕ್ಕ, ಆಮೇಲೆ ಎಷ್ಟೋ ದಿನ ಶಾಲೆಯ ಮಕ್ಕಳು ಅವನನ್ನು ಹುಳದ ಮೇಸ್ತ್ರಿ ಅಂತ ಕರೆದರು. ಅಂಗಿಯ ಜೇಬಿನೊಳಗೆ ಬಿದ್ದ ಒಂದು ಹುಳ ಮನೆಗೆ ಹೋದ ಮೇಲೂ ಹರಿದಾಡುತ್ತಿತ್ತು. ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ಒಲೆಯ ಮೇಲಿನ ಅಟ್ಟದಲ್ಲೇ ಮಳೆಗಾಲದ ಒಣಮೀನು, ಬೀಜದ ಭತ್ತ, ಈರುಳ್ಳಿ ಗೊಂಚಲು ಎಲ್ಲ ಇರುವುದು, ಹೊಗೆ ಕುಡಿದರೇ ಅವು ಬದುಕುವುದು. ಒಬ್ಬೊಬ್ಬರಾಗಿ ಎಲ್ಲರೂ ಅದನ್ನೇ ಹೇಳಿದರು. ಅಟ್ಟದ ಬುಡಕ್ಕೆ ನಿಲ್ಸು ತಮಾ, ಹಂಚು ಮುಟ್ಟಬೇಡ. ನಿಲ್ಲಿಸಿದ. ಒಲೆ ಮಾತ್ರ ಹಾಕಿ ಪೈಪನ್ನು ಅಟ್ಟಕ್ಕೇ ಬಿಟ್ಟ. ಫೋಟೋಕ್ಕೆ ಮಾತ್ರ ಎರಡು ಹಂಚು ಸರಿಸಿ, ಟೋಪಿ ಅಂಟಿಸಿಟ್ಟುಕೊಂಡ ಒಂದು ತುಂಡನ್ನು ಐದು ನಿಮಿಷ ನೆಟ್ಟು, ಹೊಡೆದು, ಕಿತ್ತು, ಹಂಚು ಮುಚ್ಚಿ, ಅದೇ ತುಂಡನ್ನು ಸೈಕಲ್ಲಿಗೆ ಕಟ್ಟಿಕೊಂಡು ಮುಂದಿನ ಮನೆಗೆ. ಆಯಾ ಮನೆಯ ಮೂರನೇ ತುಂಡನ್ನು ಆಯಾ ಮನೆಯಲ್ಲೇ ಬಿಟ್ಟುಬಂದ, ಕದ್ದವನಲ್ಲ ಅವನು. ಹೆಂಗಸರು ಅದನ್ನು ಬಚ್ಚಲ ನೀರು ಹೋಗಲಿಕ್ಕೆ ಹುಗಿದರು, ಟೋಪಿಯನ್ನು ಮಗುಚಿಟ್ಟು ಕೋಳಿಗೆ ನೀರು ಹಾಕಿದರು. ಎಲ್ಲರಿಗೂ ಖುಷಿ. ಒಳಗೆ ಕೂತವರ ಕಣ್ಣಿಗೆ ಹೊಗೆ ಇಲ್ಲ, ಅಟ್ಟಕ್ಕೆ ಹೊಗೆ ಇದೆ, ಕಾಗದದಲ್ಲಿ ಆಕಾಶ ಇದೆ.

"ಇಪ್ಪತ್ತರ ತನಕ ಊಟಕ್ಕಿಂತ ಮುಂಚೆ, ಉಳಿದವ್ರು ತಾಸು ಬಿಟ್ಟು ಬನ್ನಿ," ಅಂತ ಬಾಗಿಲಲ್ಲಿ ಒಬ್ಬ ಕೂಗಿದ. ಮಂಗೇಶನದು ಇಪ್ಪತ್ತಮೂರು. ನೀರು ಕುಡಿಯೋಣವೆಂದು ಕೆಳಗಿಳಿದ. ನಲ್ಲಿ ಹೆಂಗಸರ ವಾರ್ಡಿನ ಪಕ್ಕ ಇತ್ತು. ಕೆಲಸ ಸಿಕ್ಕಿದರೆ ಈ ನೆಲವನ್ನೇ ತಾನು ಒರೆಸಬೇಕಲ್ಲ ಎಂದು ನೆಲ ನೋಡುತ್ತ ಹೋಗುತ್ತಿದ್ದವನಿಗೆ ಒಳಗಿನಿಂದ ಕೆಮ್ಮು ಕೇಳಿಸಿತು, ಒಂದೇ ಸಮನೆ, ಕೊನೆಯಲ್ಲಿ ಸೀಟಿ ಹೊಡೆದ ಹಾಗೆ. ಕೆಮ್ಮು ನಿಂತಿತು, ಅದೇ ಬಾಯಿಂದ ಮಾತು ಬಂತು.

"ಅಯ್ಯ! ಪೈಪಿನ ಮಂಗೇಶ ಅಲ್ದಾ ನೀನು?"

ಕಿಟಕಿಯ ಪಕ್ಕದ ಮಂಚದಲ್ಲಿ ಕೂತವಳನ್ನು ಅವನು ಕೊರಳಿನ ಮಣಿಸರಗಳಿಂದ ಗುರುತು ಹಿಡಿದ. ಭಾವಿಕೇರಿಯ ಹೊನ್ನಿ. ಆಲ್ಬಮ್ಮಿನಲ್ಲಿ ಒಂಬತ್ತನೇ ಫೋಟೋ. ಅಲ್ಲಿ ಅವಳು ಸೊಂಟಕ್ಕೆ ಕೈಕೊಟ್ಟು ಮನೆಯನ್ನೇ ಎತ್ತಿ ಬಿಸಾಡುವವಳ ಹಾಗೆ ನಿಂತಿದ್ದಾಳೆ, ಇಲ್ಲಿ ಮಣಿಸರವೇ ಅವಳಿಗಿಂತ ಭಾರ.

"ಹೊನ್ನಕ್ಕಾ?"

"ಹೂಂ, ಹೊನ್ನಿಯೇ. ಅರ್ಧ ಉಳ್ದಿದೆ. ನೀ ಯಂತಾ ಇಲ್ಲಿ? ನಿಮ್ಮನೇರು ಯಾರಾದ್ರೂ ಮಲಗಿರಾ?"

"ಇಲ್ಲ, ಕೆಲ್ಸಕ್ಕೆ ಬಂದೆ. ಇಂಟರ್‌ವ್ಯೂ ಅದೆ ಇವತ್ತು."

"ಆಸ್ಪತ್ರೇಲೂ ಒಲೆ ಹಾಕಿಸ್ತರಾ?" ಅಂದು ನಗಲಿಕ್ಕೆ ಹೋಗಿ ಮತ್ತೆ ಕೆಮ್ಮಿದಳು. ಬಾಗಿಲ ಹತ್ತಿರ ಸೀರೆಯ ಸೆರಗನ್ನು ಮೂಗಿಗೆ ಕಟ್ಟಿಕೊಂಡು ನಿಂತಿದ್ದ ಸಣ್ಣ ಹೆಂಗಸು, ಹೊನ್ನಿಯ ಸೊಸೆ ಸುಕ್ರಿ, ಹತ್ತಿರ ಬರದೆ ಅಲ್ಲಿಂದಲೇ ಹೇಳತೊಡಗಿದಳು. "ಆರು ತಿಂಗ್ಳು ಟೀಬಿ ಗುಳಿಗೆ ನುಂಗಾತು. ಕಫ ಮೂರು ಸರ್ತಿ ನೋಡಿರು, ಮೂರು ಸರ್ತಿನೂ ಏನೂ ಇಲ್ಲ ಅಂದ್ರು. ಕೆಮ್ಮು ಮಾತ್ರ ಹೋಗುದಿಲ್ಲ. ಗುಳಿಗೆಗೆ ಬಗ್ಗದ ಟೀಬಿ ಇರ್ಬೇಕಂತೆ, ನಾಳೆಯಿಂದ ಸೂಜಿ, ಎರಡು ತಿಂಗ್ಳು, ದಿನಾ. ಕಿವಿ ಮಂದ ಆಗೂಕೂ ಸಾಕಂತೆ. ಮಗೂನ ನಮ್ಮ ಅಪ್ಪನ ಮನೇಲಿ ಬಿಟ್ಟಿದ್ದೆ, ಏನ್ ಮಾಡೂದು?"

ಮಂಗೇಶ ಆಲ್ಬಮ್ಮನ್ನು ಕಂಕುಳಿಗೆ ಸರಿಸಿದ. "ಡಾಕ್ಟ್ರು ಹೊಗೆ ಗಿಗೆ ಅಂತ ಏನೂ ಕೇಳ್ಲಿಲ್ವಾ?"

"ಕೇಳದೆ ಇರ್ತ್ರಾ? ಬಂದ ದಿನವೇ ಕೇಳಿರು. ನಾನೇ ಹೇಳ್ದೆ, ನಮ್ಮನೇಲಿ ಹೊಗೆ ಇಲ್ಲ ಸರ್, ಪೈಪಿನ ಒಲೆ ಅದೆ, ಫೋಟೋ ಸಹ ತೆಗ್ದಿದ್ರಂತೆ ಅಂದೆ. ನಮ್ಮ ಅಪ್ಪನ ಮನೇಲಿ ಕಣ್ಣು ಬಿಡೂಕಾಗ್ತಿರ್ಲಿಲ್ಲ, ಇವರ ಮನೆಗೆ ಬಂದ ಮೇಲೇ ನಾ ಕಣ್ಣು ಬಿಟ್ಟು ಅಡಿಗೆ ಮಾಡದ್ದು." ಹೇಳುವಾಗ ಅವಳಿಗೆ ಹೆಮ್ಮೆ. ಬರೆದುಕೊಂಡ್ರು ಅಂದಳು. ಹೊಗೆ ಇಲ್ಲ ಅಂತ ಬರೆದುಕೊಂಡ್ರು.

ಹೊನ್ನಿ ಆ ಮಾತಿಗೆ ಕಿಟಕಿಯ ಕಡೆ ತಿರುಗಿದಳು. ಹೊನ್ನಿ ಅಂದರೆ ಯಾರನ್ನೂ ಮಾತಿನಲ್ಲಿ ಬಿಟ್ಟುಕೊಡದವಳು, ಒಲೆ ಹಾಕಿದ ದಿನ ಅವನಿಗೆ ಬೆಲ್ಲದ ಚಾ ಕೊಟ್ಟು, ಮೊಣಕೈಯಿಂದ ಅಳೆದು, ಇಲ್ಲಿಗೆ ನಿಲ್ಸು, ಇದರ ಮೇಲೆ ಒಂದು ಬೆರಳು ಹೋದ್ರೆ ನೋಡು ಅಂತ ಹೆದರಿಸಿದವಳು. ಅಷ್ಟು ಎತ್ತರದ ಅಟ್ಟದ ಹೊಗೆ ಕೆಳಗೆ ಕೂತವಳ ಎದೆಗೆ ಹೇಗೆ ಹೋಗುತ್ತದೆ? ಹೋಗುವುದಿಲ್ಲ. ಹೋಗುವ ಹಾಗಿದ್ದರೆ ಈ ಸುಕ್ರಿಯೂ ಕೆಮ್ಮಬೇಕಿತ್ತು. ಅವನಿಗೆ ಸ್ವಲ್ಪ ಉಸಿರು ಬಂತು, ಆ ಉಸಿರಿಗೆ ನಾಚಿಕೆಯೂ ಆಯಿತು, ಸುಮ್ಮನೆ ಕೇಳುವವನ ಹಾಗೆ ಕೇಳಿದ. "ನೀ ಮಲಗೂದು ಎಲ್ಲಿ ಹೊನ್ನಕ್ಕ? ಕೋಣೆ ಒಂದೇ ಅಲ್ವಾ ನಿಮ್ಮದು?"

"ಕೋಣೆ ಮಗಂಗೆ ಕೊಟ್ಟಾತಲ, ಮದ್ವೆ ಆದ ಮೇಲೆ. ನಾ ಅಟ್ಟದ ಮೇಲೇ. ಇಲಿ ಕಾಯೂಕೂ ಆಗ್ತದೆ, ಬೆಚ್ಚಗೂ ಆಗ್ತದೆ. ಸುಕ್ರಿಗೆ ಅಟ್ಟ ಹತ್ತೂಕೆ ಬಿಟ್ಟವಳಲ್ಲ ನಾ."

ಎಂಟು ವರ್ಷ ಅಂದಳು ಸುಕ್ರಿ, ಕೇಳದೇನೇ. ಬೆಳಿಗ್ಗೆ ನಾಲ್ಕೂವರೆಗೆ ತಾನು ಒಲೆ ಹಚ್ಚುವುದು, ಭತ್ತ ಬೇಯಿಸುವ ದಿನವಾದರೆ ಮೂರಕ್ಕೇ, ಅತ್ತೆ ಮೇಲಿಂದಲೇ ಕಟ್ಟಿಗೆ ಹಸಿ ಅದೆ ಅಂತ ಬೈಯುವುದು. ಮಂಗೇಶನಿಗೆ ಕಾಣಿಸಿತು. ಅವನು ನೋಡಿಲ್ಲದ ಆ ಬೆಳಗಿನ ಜಾವ ಅವನೇ ಕಟ್ಟಿದ ಪೈಪಿನ ಬಾಯಿಯಲ್ಲಿ ನಿಂತು ನೋಡಿದ ಹಾಗೆ ಕಾಣಿಸಿತು. ಕೆಳಗೆ ಸುಕ್ರಿ ಊದುಗೊಳವೆ ಊದುತ್ತಾಳೆ, ಹೊಗೆ ಅವಳ ಮುಖಕ್ಕೆ ಬರದೆ ವಿಧೇಯವಾಗಿ ಹಿಂದಕ್ಕೆ ಸರಿದು, ಮೊದಲ ತುಂಡು ಹತ್ತಿ, ಎರಡನೇ ತುಂಡು ಹತ್ತಿ, ಚಾಪೆಯ ಮೇಲೆ ಬಾಯಿ ತೆರೆದು ಮಲಗಿದ ಹೊನ್ನಿಯ ತಲೆದಿಂಬಿನ ಹತ್ತಿರ ಇಳಿಯುತ್ತದೆ. ಹಳೆಯ ಮೂರು ಕಲ್ಲಿನ ಒಲೆಯಾಗಿದ್ದರೆ ಮನೆಯೆಲ್ಲ ಹರಡಿಕೊಂಡು ಹೋಗುತ್ತಿತ್ತು. ಇವನು ಅದನ್ನೆಲ್ಲ ಕೂಡಿಸಿ ಒಬ್ಬಳಿಗೇ ಕೊಟ್ಟಿದ್ದಾನೆ.

ಸುಕ್ರಿ ಬಿಸಿನೀರು ತರಲಿಕ್ಕೆ ಹೋದ ಕೂಡಲೆ ಹೊನ್ನಿ ಅವನ ಕೈ ಹಿಡಿದಳು. "ಹೇಳೂಕೆ ಹೋಗ್ಬೇಡ ತಮಾ. ನಂಗೆ ಅಂದಾಜಿದೆ. ಸುಕ್ರಿಗೆ ಗೊತ್ತಾದ್ರೆ ದಿನಾ ಒಲೆ ಹಚ್ಚೂಕೆ ಅಳ್ತದೆ ಅದು, ನಾನೇ ಅತ್ತೆಗೆ ಹೊಗೆ ಹಾಕ್ದೆ ಅಂತ. ಪಾಪದ್ದು. ನಿಂಗೂ ಕೆಲ್ಸ ಹೋಗ್ತದೆ. ಸೂಜಿ ತಾನೆ, ಚುಚ್ಲಿ. ಕಿವಿ ಹೋದ್ರೆ ಹೋಗ್ಲಿ, ನಂಗೆ ಕೇಳೂದು ಏನ್ ಉಳ್ದದೆ?" ಅವಳ ಕಣ್ಣು ಅವನ ಹೆಬ್ಬೆರಳಿನ ಮೇಲಿರಲಿಲ್ಲ, ಆದರೂ ಅವನು ಕೈ ಎಳೆದುಕೊಂಡ.

ಮೆಟ್ಟಿಲು ಹತ್ತುವಾಗ ಅವನು ಲೆಕ್ಕ ಹಾಕಿದ, ಅದನ್ನು ಲೆಕ್ಕ ಅನ್ನಬಹುದಾದರೆ. ಮೊದಲು ಕೆಲಸ ಆಗಲಿ. ಆದ ಮೇಲೆ, ಒಂದು ವಾರ ಬಿಟ್ಟು, ಸಾಧಾರಣ ಮಾತಿನ ನಡುವೆ ಡಾಕ್ಟರಿಗೆ ಹೇಳಿದರಾಯಿತು, ಸರ್, ಆ ಕಡೆ ಕೆಲವು ಮನೆಗಳಲ್ಲಿ ಪೈಪು ಗಿಡ್ಡ ಇರ್ತದೆ. ಒಂದು ವಾರದಲ್ಲಿ ಏಳು ಸೂಜಿ. ಏಳು ಸೂಜಿಗೆ ಕಿವಿ ಹೋಗುತ್ತದೆಯೆ? ಯಾರನ್ನಾದರೂ ಕೇಳಬೇಕು, ಕೇಳಿದರೆ ಯಾಕೆ ಕೇಳುತ್ತೀ ಅಂತ ಕೇಳುತ್ತಾರೆ. ಚಂಪಾ ಈ ಹೊತ್ತಿಗೆ ಪಕ್ಕದ ಮನೆಯ ಫೋನಿನ ಹತ್ತಿರ ಕೂತಿರುತ್ತಾಳೆ, ಅವರ ಟೀವಿ ನೋಡುವ ನೆವ ಮಾಡಿಕೊಂಡು. ಕಳೆದ ತಿಂಗಳು ಒಂದು ಫ್ಲಾಟಿನ ಅಮ್ಮ ನೀಲಿ ಅಂಗಿಯ ಹುಡುಗ ಎಲ್ಲಿ ಅಂತ ಕೇಳಿ ಬಾಗಿಲಲ್ಲೇ ವಾಪಸು ಕಳಿಸಿದ್ದನ್ನು ಅವನು ಅವಳಿಗೆ ಹೇಳಿರಲಿಲ್ಲ, ಅವಳು ಕೇಳಿರಲೂ ಇಲ್ಲ, ಪೇಪರಿನ ತುಂಡನ್ನು ಮಾತ್ರ ದೇವರ ಹಿಂದಿನಿಂದ ತೆಗೆದು ಊಟದ ತಟ್ಟೆಯ ಪಕ್ಕ ಇಟ್ಟಿದ್ದಳು. ಕೆಲಸ ಬೇಕು. ಬೇಕು ಎನ್ನುವುದರಲ್ಲಿ ಪಾಪ ಏನಿದೆ? ಇಪ್ಪತ್ತಮೂರು ಅಂತ ಕೂಗಿದರು.

ಒಳಗೆ ಇಬ್ಬರು. ಮೇಜಿನ ಆಚೆ ಕನ್ನಡಕದ ಹೆಂಗಸು, ವನಮಾಲಾ ಮೇಡಮ್, ನೇಮಕಾತಿ ನೋಡಿಕೊಳ್ಳುವವರು. ಪಕ್ಕದಲ್ಲಿ ಎದೆರೋಗದ ಡಾಕ್ಟರು ಅನಂತಮೂರ್ತಿ, ಅವರ ಹೆಸರು ಹೊನ್ನಿಯ ಮಂಚದ ಕಾಗದದ ಮೇಲೂ ಇತ್ತು. ಮೇಡಮ್ ಅರ್ಜಿ ನೋಡುತ್ತಿದ್ದರೆ ಡಾಕ್ಟರು ಆಲ್ಬಮ್ಮು ಎಳೆದುಕೊಂಡರು, ಗುಲಾಬಿ ಹೂವಿಗೆ ನಗಲಿಲ್ಲ, ಒಂದೊಂದೇ ಪುಟ ನಿಧಾನಕ್ಕೆ ತಿರುವಿದರು. ಅವರ ಮುಖ ಬದಲಾಯಿತು.

"ಇದೆಲ್ಲ ನೀವೇ ಹಾಕಿದ್ದಾ? ಅಲ್ರೀ, ಇದು ಎಂಥ ಕೆಲ್ಸ ಗೊತ್ತುಂಟಾ ನಿಮಗೆ? ನಾನಿಲ್ಲಿ ದಿನಕ್ಕೆ ಹತ್ತು ಹೆಂಗಸರ ಎಕ್ಸ್‌ರೇ ನೋಡ್ತೇನೆ, ಬೀಡಿ ಸೇದಿದವರಲ್ಲ, ಬರೇ ಒಲೆ ಊದಿದವರು. ಮೇಡಮ್, ಇವರು ನಮ್ಮ ಕೆಲ್ಸ ನಮಗಿಂತ ಮುಂಚೆ ಮಾಡಿದ್ದಾರೆ."

ಯಾರೂ ಇಷ್ಟು ವರ್ಷದಲ್ಲಿ ಅವನಿಗೆ ಹೀಗೆ ಹೇಳಿರಲಿಲ್ಲ. ಅವನ ಕಿವಿ ಬೆಚ್ಚಗಾಯಿತು, ಎದೆಯಲ್ಲಿ ಏನೋ ಉಬ್ಬಿತು, ಆ ಒಂದು ಕ್ಷಣ ಅದೆಲ್ಲ ನಿಜವೇ ಆಗಿತ್ತು, ಮೂವತ್ತೊಂದು ಮಾಡುಗಳ ಮೇಲೆ ಮೂವತ್ತೊಂದು ಪೈಪುಗಳಿಂದ ಹೊಗೆ ಎದ್ದು ಕಡಲಿನ ಕಡೆ ಹೋಗುತ್ತಿತ್ತು. ಡಾಕ್ಟರು ಒಂಬತ್ತನೇ ಪುಟಕ್ಕೆ ಬಂದರು, ತಡೆದರು. "ಇದು ಭಾವಿಕೇರಿ ಅಲ್ವಾ? ಈ ಅಮ್ಮ ಕೆಳಗಿದ್ದಾಳೆ, ನಮ್ಮ ವಾರ್ಡಿನಲ್ಲಿ. ಪುಣ್ಯಕ್ಕೆ ಆ ಮನೆಯಲ್ಲಿ ಹೊಗೆ ಇಲ್ಲ, ಒಂದು ಕಾರಣವಾದರೂ ಬಿಟ್ಟುಬಿಡಬಹುದು." ಮಂಗೇಶ ಹೂಂ ಅಂದ. ಹೂಂ ಅನ್ನುವಾಗ ತನ್ನ ಧ್ವನಿ ಎಷ್ಟು ಸರಾಗವಾಗಿ ಬಂತು ಎಂದು ಅವನಿಗೇ ಆಶ್ಚರ್ಯವಾಯಿತು.

ಮೇಡಮ್ ಪೆನ್ನಿನ ಕ್ಯಾಪು ತೆಗೆದರು. "ನಂದು ಒಂದೇ ಪ್ರಶ್ನೆ. ಇಲ್ಲಿ ರೋಗಿಯ ಚಾರ್ಟ್ ಬರೀಬೇಕಾಗ್ತದೆ, ಜ್ವರ ಎಷ್ಟು, ನೀರು ಎಷ್ಟು ಹೋಯ್ತು ಅಂತ. ನೋಡದೆ ನಿನ್ನೆಯದನ್ನೇ ಬರೆದಿಡೋ ಜನ ಬಹಳ, ಅಂಥವರನ್ನು ತೆಗೆದದ್ದಕ್ಕೇ ಈ ಹುದ್ದೆಗಳೆಲ್ಲ ಖಾಲಿ ಆಗಿವೆ. ನೀವು ಹಾಗೆ ಮಾಡೂದಿಲ್ಲ ತಾನೆ?"

ಇಲ್ಲ ಮೇಡಮ್, ಅಂದರೆ ಮುಗಿಯಿತು. ಎರಡು ಮಾತು. ಪೆನ್ನಿನ ತುದಿ ಕಾಗದದಿಂದ ಒಂದು ಭತ್ತದ ಕಾಳಿನಷ್ಟು ಮೇಲಿತ್ತು. ಅವನು ಬಾಯಿ ತೆರೆದ.

"ಟೋಪಿ ನೋಡಿ ಮೇಡಮ್."

"ಏನು?"

"ಪೈಪಿನ ಟೋಪಿ. ಮೊದಲ ನಾಲ್ಕು ಬಿಟ್ಟು ಉಳ್ದ ಫೋಟೋದಲ್ಲೆಲ್ಲ ನೋಡಿ, ಬಲಗಡೆ ಅಂಚು ಒಡ್ದದೆ. ಶೆಟಗೇರಿ ಹಳ್ಳದಲ್ಲಿ ಸೈಕಲ್ ಬಿದ್ದಾಗ ಒಡ್ದದ್ದು. ಎಲ್ಲಾ ಒಂದೇ ಪೈಪು, ಸರ್. ಫೋಟೋಕ್ಕೆ ಇಟ್ಟು ತೆಗ್ದದ್ದು. ಒಳಗೆ ಅಟ್ಟದ ತನಕ ಮಾತ್ರ ಅದೆ. ಹೊನ್ನಕ್ಕಂದೂ ಹಂಗೇ. ಅದು ಎಂಟು ವರ್ಷದಿಂದ ಅಟ್ಟದ ಮೇಲೇ ಮಲಗ್ತದೆ, ಸರ್. ನಂಗೆ ಇವತ್ತೇ ಗೊತ್ತಾದದ್ದು. ಮಲಗೂದು ಇವತ್ತೇ ಗೊತ್ತಾದದ್ದು, ಪೈಪು ಮೊದ್ಲಿಂದ ಗೊತ್ತು."

ಡಾಕ್ಟರು ಪುಟಗಳನ್ನು ಬೇಗ ಬೇಗ ತಿರುವಿದರು, ಹಿಂದೆ ಹೋದರು, ಮುಂದೆ ಬಂದರು. ಹೊರಗೆ ಯಾರೋ ಹುಡುಗರು ನಗುತ್ತಿದ್ದರು. "ನಾಳೆ ಇಂಜೆಕ್ಷನ್ ಶುರು ಮಾಡ್ತಿದ್ದೆ ನಾನು," ಅಂದರು, ಅವನಿಗಲ್ಲ, ಫೋಟೋಕ್ಕೆ. ಮೇಡಮ್ ಕನ್ನಡಕ ತೆಗೆದರು. ಅವರಿಗೆ ಸಿಟ್ಟಿಗಿಂತ ಬೇಜಾರಾದಂತಿತ್ತು, ಅದೇ ಅವನಿಗೆ ಹೆಚ್ಚು ಚುಚ್ಚಿತು. "ಈ ಆಲ್ಬಮ್ ಬಿಟ್ಟು ನಿಮ್ಮ ಹತ್ರ ಬೇರೆ ದಾಖಲೆ ಏನಾದ್ರೂ ಇದೆಯಾ?"

"ಇಲ್ಲ ಮೇಡಮ್."

"ಮತ್ತೆ ನಾ ಏನು ಬರೀಲಿ ಹೇಳಿ?" ಅವರು ಅರ್ಜಿಯನ್ನು ಹತ್ತಿರ ಎಳೆದುಕೊಂಡರು. ಆಮೇಲೆ ಅವನ ಹೆಸರಿನ ಮೇಲೆ ಒಂದು ಗೆರೆ ಎಳೆದು, "ಇಪ್ಪತ್ನಾಲ್ಕು ಕಳಿಸಿ," ಅಂದರು.

ಡಾಕ್ಟರು ಮಾತ್ರ ಎದ್ದು ಅವನ ಹಿಂದೆಯೇ ಬಂದರು. ಮೆಟ್ಟಿಲಿನ ಮೇಲೆ ಅವನಿಂದ ಅಡಿಗೆಮನೆಯ ಚಿತ್ರ ಬರೆಸಿದರು, ಅವನ ಅರ್ಜಿಯ ನಕಲಿನ ಹಿಂಬದಿಯಲ್ಲೇ. ಒಲೆ ಎಲ್ಲಿ, ಪೈಪಿನ ಬಾಯಿ ಎಲ್ಲಿ, ತಲೆ ಯಾವ ಕಡೆ ಹಾಕಿ ಮಲಗುವುದು, ಬೆಳಕಿಂಡಿ ಉಂಟೋ. ಇಲ್ಲ, ಬೆಳಕಿಂಡಿ ಇಲ್ಲ. ಅವನ ಅಳತೆ ತಪ್ಪಲಿಲ್ಲ. ವಾರ್ಡಿನಲ್ಲಿ ಡಾಕ್ಟರು ಮಂಚದ ಪಕ್ಕ ನಿಂತು ಕೇಳಿದಾಗ ಹೊನ್ನಿ ಮೊದಲು ಇಲ್ಲವೇ ಇಲ್ಲ ಅಂದಳು, ಪೈಪು ಮೋಡ ಮುಟ್ತದೆ ಅಂದಳು, ಆಮೇಲೆ ಚಿತ್ರ ನೋಡಿದಳು, ಮಂಗೇಶನನ್ನು ನೋಡಿದಳು.

"ಬಾಯಿ ಮುಚ್ಚೂಕಾಗ್ಲಿಲ್ಲಲಾ ನಿಂಗೆ?"

"ಇಲ್ಲ ಹೊನ್ನಕ್ಕ."

"ಕೆಲ್ಸ?"

"ಹೋಯ್ತು."

"ನಾ ಹೇಳ್ಲಿಲ್ವಾ?"

ಸುಕ್ರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಬಿಸಿನೀರಿನ ಚೊಂಬು ಕೆಳಗಿಟ್ಟು, ಬಾಗಿಲು ಬಿಟ್ಟು ಒಳಗೆ ಬಂದು, ಮಂಚದ ಕಬ್ಬಿಣದ ಕಾಲಿಗೊರಗಿ ಕುಸಿದು ಕೂತಳು. "ಕಟ್ಟಿಗೆ ಹಸಿ ಅದೆ ಅಂತ ಬೈತಿದ್ರಿ ಅತ್ತಿ. ಹೊಗೆ ಬತ್ತದೆ ಅಂತ ಒಂದ್ ದಿನಾನೂ ಹೇಳ್ಲಿಲ್ಲಲಾ." ಹೊನ್ನಿ ಅವಳ ತಲೆಯ ಮೇಲೆ ಕೈಯಿಟ್ಟು ಒರಟಾಗಿ ತಳ್ಳಿದ ಹಾಗೆ ಸವರಿದಳು. ಡಾಕ್ಟರು, ಇದೇ ಕಾರಣ ಅಂತ ಈಗಲೇ ಹೇಳಲಾರೆ, ಬೇರೆ ಪರೀಕ್ಷೆ ಮಾಡಬೇಕು, ಸೂಜಿ ಸದ್ಯಕ್ಕೆ ಬೇಡ, ಆದರೆ ಅಟ್ಟದ ಮೇಲೆ ಮಲಗುವುದು ಮಾತ್ರ ಇನ್ನು ಇಲ್ಲ ಅಂದರು. ಪೈಪನ್ನು ಹೊರಗೆ ಹಾಕಿಸಬೇಕು ಅಂತ ಮಂಗೇಶನ ಕಡೆ ತಿರುಗಿ ಹೇಳಿದರು. ಅವನು ನಾಳೆಯೇ ಹಾಕುತ್ತೇನೆ ಅಂದ. ಹೇಳುವಾಗ ಅವನಿಗೆ ಹಗುರವಾಯಿತು, ಮೂರು ಅಡಿಯ ಒಂದು ತುಂಡು, ಎರಡು ಹಂಚು, ಒಂದು ತಾಸಿನ ಕೆಲಸ, ಅಷ್ಟರಲ್ಲಿ ಎಲ್ಲ ನೇರವಾಗಿಬಿಡುವ ಹಾಗೆ.

"ಹಾಕು," ಅಂದಳು ಹೊನ್ನಿ. "ನಾ ಬೇಡ ಅನ್ನೂದಿಲ್ಲ. ಆದ್ರೆ ಮಳೆಗಾಲ ನನ್ನ ಬೀಜದ ಭತ್ತ ಎಲ್ಲಿಡ್ಲಿ? ಮೀನು ಎಲ್ಲಿಡ್ಲಿ? ಅದು ಹೇಳಿ ಮತ್ತೆ ಹಾಕು."

ಡಾಕ್ಟರು ಮಂಗೇಶನನ್ನು ನೋಡಿದರು. ಅಂಕೋಲೆಯ ಹತ್ತು ದಿನಗಳಲ್ಲಿ ಬೋರ್ಡಿನ ಮೇಲೆ ಬರೆದದ್ದನ್ನೆಲ್ಲ ಅವನು ನೆನಪಿಗೆ ತಂದುಕೊಂಡ, ಒಲೆಯ ಬಾಯಿಯ ಅಗಲ, ಮಣ್ಣಿಗೆ ಎಷ್ಟು ಹೊಟ್ಟು, ಪೈಪಿನ ಓರೆ. ಅಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಮೂವತ್ತೊಂದು ಅಡಿಗೆಮನೆಗಳಲ್ಲಿ ಹೆಂಗಸರು ಇದನ್ನೇ ಕೇಳಿದ್ದರು, ಅವನು ಒಂದೋ ಗದರಿಸಿದ್ದ, ಇಲ್ಲವೋ ಪೈಪು ಮೊಟಕು ಮಾಡಿದ್ದ.

"ಗೊತ್ತಿಲ್ಲ ಹೊನ್ನಕ್ಕ," ಅಂದ.

 ಅವಳು ಕಂಬಳಿಯೊಳಗೆ ಕಾಲು ಮಡಚಿಕೊಂಡು ಮಂಚದ ತುದಿಯಲ್ಲಿ ಅಷ್ಟು ಜಾಗ ಮಾಡಿದಳು.

"ಹಂಗಾರೆ ಕುಂತ್ಕ," ಅಂದಳು. "ವಿಚಾರ ಮಾಡ್ವಾ."